ಸುಡದ ನೀರು

ಉರಿಯನ್ನಷ್ಟೇ ಮೈಯಿಂದ ತೆಗೆದುಹಾಕಿ ಉಳಿದದ್ದನ್ನೆಲ್ಲ ಹಾಗೇ ಬಿಟ್ಟರೆ ಮನುಷ್ಯ ಹೇಗಿರುತ್ತಾನೆ? ಧಾರವಾಡದ ಹೊರವಲಯದ ಒಂದು ಸಂಶೋಧನಾಲಯದ ಮಂದಿ ವರ್ಷಗಟ್ಟಲೆ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ಉತ್ತರ ಕೊನೆಗೂ ಒಂದು ಪುಟ್ಟ ನೀಲಿ ಗುಳಿಗೆಯಾಗಿ ಹೊರಬಂತು. ಕಾಗದದ ಮೇಲೆ ಅದಕ್ಕೆ ಬಾಯಿ ತಿರುಗದ ಹೆಸರೊಂದಿತ್ತು. ಜನ ಅದನ್ನು ತಂಪಿನ ಗುಳಿಗೆ ಎಂದರು, ಕಡೆಗೆ ಅದನ್ನು ಮಾಡಿದವರೂ ಹಾಗೇ ಕರೆಯತೊಡಗಿದರು.

ಆ ಗುಳಿಗೆಗಾಗಿ ಊಟ ನಿದ್ದೆ ಬಿಟ್ಟು ದುಡಿದವರಲ್ಲಿ ಡಾಕ್ಟರ್ ತೇಜಸ್ವಿನಿಯೂ ಒಬ್ಬಳು. ಅವತ್ತು ಅವಳು ಏಳು ತಿಂಗಳ ಹೊಟ್ಟೆಯನ್ನು ಮೇಜಿಗೆ ತಾಗದಂತೆ ಸಂಭಾಳಿಸಿಕೊಂಡು ಕೂತಿದ್ದಳು. ಎದುರಿಗೆ ಫಕೀರವ್ವ. ಅವಳ ಬಲಗೈ ಒಂದು ತಾಮ್ರದ ತಟ್ಟೆಯ ಮೇಲಿತ್ತು. ತಟ್ಟೆ ನಿಧಾನಕ್ಕೆ ಬಿಸಿಯೇರುತ್ತಿತ್ತು.

"ಈಗ ಹೆಂಗೈತಿ ಆಯಿ?"

"ಬೆಚ್ಚಗೈತ್ರಿ."

"ಈಗ?"

"ಬೆಚ್ಚಗ ಐತ್ರಿ ಬಾಯಾರ. ಚಳಿಗಾಲದಾಗ ಇಂಥಾದ್ದೊಂದು ಮನೀಗೂ ಕೊಡ್ರಲ್ಲ."

ತೇಜಸ್ವಿನಿ ನಕ್ಕು ತಟ್ಟೆಯನ್ನು ಆರಿಸಿದಳು. ಇನ್ನೊಂದು ಚೂರು ಏರಿಸಿದ್ದರೆ ಚರ್ಮ ಸುಡುತ್ತಿತ್ತು. ಫಕೀರವ್ವನಿಗೆ ಮಾತ್ರ ಅದು ಸುಖವಾಗಿತ್ತು, ಎರಡು ವರ್ಷ ಆ ಕೈ ಅವಳಿಗೆ ಕೊಟ್ಟ ಕಾಟವನ್ನು ನೋಡಿದವರಿಗೆ ಆ ಸುಖ ಕಂಡು ಕಣ್ಣು ತುಂಬಿ ಬರಬೇಕು.

ಫಕೀರವ್ವ ಬಾಣಂತಿಯರಿಗೂ ಕೂಸುಗಳಿಗೂ ಎರೆಯುವವಳು. ಎಣ್ಣೆ ಹಚ್ಚಿ, ತಿಕ್ಕಿ, ನೀರು ಹಾಕಿ, ಹೊಗೆ ಹಿಡಿದು, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರೆ ಅದು ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಸುತ್ತಲ ನಾಲ್ಕು ಓಣಿಗಳಲ್ಲಿ ಹೆರಿಗೆ ದಿನ ಹತ್ತಿರ ಬಂದರೆ ಆಸ್ಪತ್ರೆಗಿಂತ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಅಂಥವಳ ಬಲಗೈಗೆ ಸರ್ಪಸುತ್ತು ಎದ್ದಿತು. ಗುಳ್ಳೆಗಳು ಬಾಡಿದವು, ಉರಿ ಉಳಿದುಕೊಂಡಿತು. ಸೆರಗು ತಾಗಿದರೂ ಜೀವ ಹೋದಂತಾಗುತ್ತಿತ್ತು. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಓಣಿಯಲ್ಲಿ ನಡೆಯುತ್ತಿದ್ದಳು, ಎದುರಿಗೆ ಬಂದವರು ಗೋಡೆಗೆ ಸರಿದು ನಿಲ್ಲುತ್ತಿದ್ದರು.

ನಮ್ಮ ನರಗಳ ತುದಿಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಮೈ ಸುಡುವಷ್ಟು ಬಿಸಿ ತಾಗಿದರೆ ಅವುಗಳಲ್ಲೊಂದು ಜಾತಿಯ ಬಾಗಿಲು ತೆರೆದು ಮಿದುಳಿಗೆ ಕೂಗು ಹಾಕುತ್ತದೆ. ಮೆಣಸಿನಕಾಯಿಯ ಖಾರವೂ ತೆರೆಯುವುದು ಅದೇ ಬಾಗಿಲನ್ನು, ಖಾರ ಕುಟ್ಟಿದ ಕೈ ಬೆಂಕಿ ಮುಟ್ಟದೆಯೂ ಉರಿಯುವುದು ಅದಕ್ಕೇ. ಕೆಲವು ಬೇನೆಗಳು ಬಂದು ಹೋದ ಮೇಲೆ ಬಾಗಿಲಿನ ಅಗುಳಿ ಸಡಿಲವಾಗಿಬಿಡುತ್ತದೆ. ಬೆಂಕಿಯಿಲ್ಲ, ಬಿಸಿನೀರಿಲ್ಲ, ಕೂಗು ಮಾತ್ರ ಹಗಲೂ ರಾತ್ರಿ ನಡೆದೇ ಇರುತ್ತದೆ. ತಂಪಿನ ಗುಳಿಗೆ ಆ ಬಾಗಿಲಿಗೆ ಚಿಲಕ ಹಾಕುತ್ತಿತ್ತು. ಬೆಚ್ಚಗಿದೆ ಎಂದು ಹೇಳುವ ಬಾಗಿಲು ಬೇರೆಯೇ ಇದೆ, ಅದು ತೆರೆದೇ ಇರುತ್ತಿತ್ತು.

ತೊಂದರೆಯೆಂದರೆ ಗುಳಿಗೆಗೆ ಬಲಗೈ ಯಾವುದು, ಉಳಿದ ಮೈ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಎಲ್ಲ ಬಾಗಿಲುಗಳಿಗೂ ಚಿಲಕ ಬೀಳುತ್ತಿತ್ತು. ಗುಳಿಗೆ ನುಂಗಿದವರಿಗೆ ಚಹಾ ಎಷ್ಟೇ ಕುದಿಯುತ್ತಿದ್ದರೂ ಹಿತವಾಗಿ ಬೆಚ್ಚಗೆ. ಇದನ್ನು ತಿಳಿದೇ ಸರ್ಕಾರ ಒಂದು ಷರತ್ತು ಹಾಕಿತ್ತು. ಗುಳಿಗೆಯ ಜೊತೆಗೆ ಎಲ್ಲರಿಗೂ ಒಂದು ಕೈಪಟ್ಟಿ. ಸುಡುವ ಬಿಸಿ ಹತ್ತಿರ ಬಂದರೆ ಅದು ಕಿರುಚುತ್ತಿತ್ತು, ಸಂಶೋಧನಾಲಯದ ನಿಗಾ ಕೋಣೆಗೂ ಸುದ್ದಿ ಕಳಿಸುತ್ತಿತ್ತು. ಅಲ್ಲಿಯ ದೊಡ್ಡ ಪರದೆಯ ಮೇಲೆ ಒಬ್ಬೊಬ್ಬ ರೋಗಿಯೂ ಒಂದೊಂದು ಹಸಿರು ಚುಕ್ಕೆ. ಪಟ್ಟಿ ಬಿಚ್ಚಿಟ್ಟರೆ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

"ದಿನಾ ಮುಂಜಾನಿ ಬಹಳ ಚುಕ್ಕಿ ಬೂದಿ ಆಗ್ತಾವ," ಎಂದು ನಿಗಾ ಕೋಣೆಯ ಉಸ್ತುವಾರಿ ರಫೀಕ್ ನದಾಫ್ ಒಮ್ಮೆ ತೇಜಸ್ವಿನಿಯ ಮುಂದೆ ಹೇಳಿದ್ದ. "ಅರ್ಧ ತಾಸು, ಮುಕ್ಕಾಲು ತಾಸು."

"ಸ್ನಾನಕ್ಕ ಹೋಗಿರ್ತಾರ, ರಫೀಕ್. ತಮ್ಮ ಸ್ನಾನಕ್ಕ ಪಟ್ಟಿ ಬಿಚ್ಚಬ್ಯಾಡ್ರಿ ಅಂದ್ರ ಯಾರು ಕೇಳ್ತಾರ? ಗೀಜರಿಗೆ ಹೆಂಗೂ ಮಿತಿ ಹಾಕಿಸೇವಿ. ಇರ್ಲಿ ಬಿಡು."

ಅವನು ಬಿಟ್ಟ. ಅವಳೂ ಮರೆತಳು.

ಕೂಸು ಹುಟ್ಟಿತು, ಹೆಣ್ಣು. ತೇಜಸ್ವಿನಿ ತವರಿಗೆ ಬಂದಳು. ಬಿಸಿನೀರಿಗೆ ಮಾಳಿಗೆಯ ಮೇಲೆ ಏನೇನೋ ಯಂತ್ರಗಳಿದ್ದವು, ಆದರೂ ತಾಯಿ ಶಕುಂತಲವ್ವ ಬಾಣಂತಿಗೆ ಅದೆಲ್ಲ ನಡೆಯುವುದಿಲ್ಲವೆಂದು ಹಿತ್ತಲ ಬಚ್ಚಲಲ್ಲಿ ಹಳೆಯ ಹಂಡೆ ಹೂಡಿಸಿ ಕಟ್ಟಿಗೆ ಉರಿ ಹಚ್ಚಿಸಿದಳು. ಎರೆಯಲು ಯಾರನ್ನು ಕರೆಯುವುದೆಂಬ ಪ್ರಶ್ನೆಯೇ ಏಳಲಿಲ್ಲ. ಫಕೀರವ್ವನ ಕೈ ಮತ್ತೆ ಸರಿಹೋಗಿದೆಯೆಂಬ ಸುದ್ದಿ ಓಣಿಗಳಲ್ಲೆಲ್ಲ ಹರಡಿತ್ತು.

ತಾನು ಮಾಡಿದ ಔಷಧಿ ಎಬ್ಬಿಸಿ ನಿಲ್ಲಿಸಿದ ಕೈಯಿಂದಲೇ ತನ್ನ ಕೂಸಿಗೆ ನೀರು. ತೇಜಸ್ವಿನಿಗೆ ಒಳಗೊಳಗೇ ಹೆಮ್ಮೆಯಿತ್ತು, ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ. ಫಕೀರವ್ವ ಬರುವಾಗ ಪಟ್ಟಿ ಮಣಿಕಟ್ಟಿನಲ್ಲೇ ಇರುತ್ತಿತ್ತು. ಬಚ್ಚಲಿಗೆ ಹೋಗುವ ಮುಂಚೆ ಅವಳು ಬೆರಳಿನ ಉಂಗುರ ತೆಗೆಯುತ್ತಿದ್ದಳು, ಬಳೆಗಳನ್ನು ಮೊಣಕೈವರೆಗೆ ಏರಿಸುತ್ತಿದ್ದಳು, ಪಟ್ಟಿ ಬಿಚ್ಚಿ ಗೂಡಿನಲ್ಲಿ ಇಡುತ್ತಿದ್ದಳು. ಕೂಸಿನ ಮೈ ಮುಟ್ಟುವ ಕೈಯಲ್ಲಿ ಗೀರುವಂಥದ್ದು ಯಾವುದೂ ಇರಬಾರದು. ತೇಜಸ್ವಿನಿ ಚಿಕ್ಕಂದಿನಿಂದ ನೋಡಿದ್ದು ಇದನ್ನೇ, ಹಾಗಾಗಿ ನೋಡಿದರೂ ಅವಳಿಗೆ ಏನೂ ಕಾಣಲಿಲ್ಲ.

ಮೊದಮೊದಲು ಹಂಡೆಯ ನೀರನ್ನು ತಣ್ಣೀರಿಗೆ ಬೆರೆಸಿ ಕೊಡುತ್ತಿದ್ದವಳು ಶಕುಂತಲವ್ವ. ಒಂದು ದಿನ ಅವಳು ಬಳಗದವರ ಮದುವೆಗೆಂದು ಗದಗಕ್ಕೆ ಹೋದಳು. ಅವತ್ತು ಬೆರೆಸುವ ಕೆಲಸವೂ ಫಕೀರವ್ವನ ಪಾಲಿಗೆ ಬಂತು.

ಆ ಮನೆಯಲ್ಲಿ ಮೊದಲು ಬಾಣಂತಿಗೆ, ಆಮೇಲೆ ಕೂಸಿಗೆ. ತೇಜಸ್ವಿನಿ ಬಚ್ಚಲ ಮಣೆಯ ಮೇಲೆ ಕೂತಳು. ಹೊಗೆ, ಉಗಿ, ಎಣ್ಣೆಯ ವಾಸನೆ. ಮೊದಲ ತಂಬಿಗೆ ಬೆನ್ನಿಗೆ ಬಿದ್ದದ್ದೇ ತಡ, "ಯವ್ವಾ!" ಎಂದು ಚೀರಿದಳು.

ಫಕೀರವ್ವ ಕಿಲಕಿಲ ನಕ್ಕಳು. "ಬಾಣಂತಿ ನೀರು ಚುರ್ ಅನ್ನಬೇಕ್ರಿ ಬಾಯಾರ. ಇಲ್ಲಾಂದ್ರ ಮುಂದ ಸೊಂಟ ಹಿಡಕೊಂಡು ಓಡ್ಯಾಡ್ತೀರಿ."

ಎರಡನೆಯ ತಂಬಿಗೆ. ಬೆನ್ನಿನ ಚರ್ಮ ಸುಲಿದುಬಂದಂತಾಯಿತು. ಹಲ್ಲು ಕಚ್ಚಿ ಕೂತಳು. ಇಷ್ಟೊಂದು ಹೆಂಗಸರು ಸಹಿಸಿದ್ದನ್ನು ತಾನು ಸಹಿಸಲಾರೆನೇ, ಓದಿದವಳ ನಾಜೂಕು ಎಂದು ನಾಳೆ ಓಣಿಯೆಲ್ಲ ನಗಬಾರದು ಎಂದುಕೊಂಡಳು. ಮೂರನೆಯದು ಬೀಳುವ ಮುಂಚೆ ತಡೆಯಲಾರದೆ ತಿರುಗಿ ನೋಡಿದಳು.

ಫಕೀರವ್ವನ ಕೈ ಬಕೆಟ್ಟಿನಲ್ಲಿ ಮಣಿಕಟ್ಟಿನವರೆಗೆ ಮುಳುಗಿತ್ತು. ನೀರಿನಿಂದ ಉಗಿ ಏಳುತ್ತಿತ್ತು. ಕೈ ಕೆಂಪಗೆ ಬೆಂದಂತಾಗಿತ್ತು. ಮುಖದಲ್ಲಿ ಮಾತ್ರ ನೆಮ್ಮದಿ.

"ಆಯಿ, ನೀರು ಹೆಂಗೈತಿ?"

"ಬೆಚ್ಚಗೈತ್ರಿ," ಎಂದಳು ಫಕೀರವ್ವ. "ಇನ್ನೊಂದೀಟು ಬಿಸಿ ಬೆರಸಲೇನು?"

ತೇಜಸ್ವಿನಿ ಮಣೆಯಿಂದ ಅರ್ಧ ಎದ್ದಳು. ಕಣ್ಣು ತಾನಾಗಿ ಕೆಳಗಿಳಿಯಿತು. ಫಕೀರವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಎರೆಯುವವಳು ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಳ್ಳುವುದು ಅಲ್ಲೇ, ಆ ಕಣಕಾಲುಗಳ ಮೇಲೆ. ಅಲ್ಲಿ ಚರ್ಮ ಕಂದಿ ಕಪ್ಪಾಗಿತ್ತು, ಎರಡು ಕಡೆ ಗುಳ್ಳೆ ಒಡೆದು ಒಣಗಿದ ಕಲೆಗಳಿದ್ದವು. ಅವು ಇವತ್ತಿನವಲ್ಲ.

"ಆಯಿ, ನಿಮ್ಮ ಕಾಲಿಗೆ ಏನಾಗೈತಿ?"

"ಏನೋ ಗೊತ್ತಿಲ್ರಿ. ನೋವಿಲ್ಲ, ಏನಿಲ್ಲ. ಸೊಳ್ಳಿ ಕಡದಿರಬೇಕು ಬಿಡ್ರಿ. ತಡೀರಿ, ಕೂಸಿನ ತರ್ತೀನಿ."

"ಬ್ಯಾಡ!" ತೇಜಸ್ವಿನಿ ಎಷ್ಟು ಜೋರಾಗಿ ಕೂಗಿದಳೆಂದರೆ ಒಳಕೋಣೆಯಲ್ಲಿ ಕೂಸು ಎದ್ದು ಅಳತೊಡಗಿತು. "ಕೂಸಿನ ಮುಟ್ಟಬ್ಯಾಡ್ರಿ!"

ಹಾಗೆಂದ ಮರುಕ್ಷಣವೇ ಅವಳಿಗೆ ನಾಚಿಕೆಯಾಯಿತು. ಫಕೀರವ್ವನಿಗೆ ಇಡೀ ಬದುಕಿನಲ್ಲಿ ಯಾರೂ ಹೇಳದಿದ್ದ ಮಾತದು. ಅವಳು ತಂಬಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಒದ್ದೆ ಸೀರೆಯಲ್ಲೇ ಬಚ್ಚಲ ಹೊಸ್ತಿಲ ಮೇಲೆ ಕೂತು ತೇಜಸ್ವಿನಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಗುಳಿಗೆ ಏನು ಮಾಡುತ್ತದೆ, ಪಟ್ಟಿ ಯಾಕೆ ಕಟ್ಟಿದ್ದು, ನೀರು ಎಷ್ಟು ಕಾದರೂ ಅವಳ ಕೈ ಬೆಚ್ಚಗೈತಿ ಎಂದೇ ಯಾಕೆ ಹೇಳುತ್ತದೆ. ಇದೆಲ್ಲ ಗುಳಿಗೆ ಕೊಡುವಾಗಲೂ ಹೇಳಿದ್ದ ಮಾತೇ. ಒಲೆ, ಚಹಾ, ಇಸ್ತ್ರಿ ಪೆಟ್ಟಿಗೆ ಹುಷಾರೆಂದು ಹೇಳಿದ್ದರು. ನೀವು ದಿನಾ ಯಾರ ಮೈಗೆ ನೀರು ಹಾಕುತ್ತೀರಿ ಎಂದು ಒಬ್ಬರೂ ಕೇಳಿರಲಿಲ್ಲ. ಸ್ನಾನವೆಂದರೆ ಅವರವರ ಸ್ನಾನ ಎಂದುಕೊಂಡವಳು ತೇಜಸ್ವಿನಿಯೇ.

ಫಕೀರವ್ವ ತನ್ನ ಕೈ ನೋಡಿದಳು. ಆಮೇಲೆ ಕಾಲು ನೋಡಿದಳು. ಕಲೆಗಳನ್ನು ಒಂದೊಂದಾಗಿ ಮುಟ್ಟಿದಳು.

"ಪವಿತ್ರಾನ ಕೂಸು," ಎಂದಳು.

"ಯಾರ್ರಿ?"

"ಹಾಲಬಾವಿ ಓಣಿ ಪವಿತ್ರಾ. ಕೈ ಚಲೋ ಆದಮ್ಯಾಲ ಮೊದಲ ಹಿಡದ ಮನಿ ಅದು. ಅಕಿಗೆ ಅತ್ತಿಲ್ಲ, ಅವ್ವಿಲ್ಲ, ನೀರ ಕಾಸೂದು, ಬೆರಸೂದು, ಎಲ್ಲಾ ನಾನ. ಕೂಸು ಭಾಳ ಅಳತಿತ್ತು. ಅಳಬುರುಕ ಹುಟ್ಟೈತಿ ಅಂತ ನಾ ನಗತಿದ್ದೆ." ಅವಳ ದನಿ ಒಡೆಯಿತು. "ಬೆನ್ನ ಮ್ಯಾಲ ಕೆಂಪು ಎದ್ದಿತ್ತು. ಸೆಕಿ ಗುಳ್ಳಿ ಅಂದೆ. ಅಕಿ ಏನೂ ಅನ್ನಲಿಲ್ಲ. ನಾಳಿಂದ ಬರಬ್ಯಾಡ್ರಿ ಅಂದ್ಲು ಅಷ್ಟ. ಸೊಕ್ಕು ನೋಡು ಈ ಹುಡುಗೀದು ಅಂತ ಓಣಿ ತುಂಬ ಆಡಿಕೊಂಡೇನ್ರಿ ನಾನು! ಆ ಕೂಸು ಸುಮ್ಮನ ಅಳತಿರಲಿಲ್ಲ."

ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆ ಅಳುವಿನಲ್ಲಿ ಅರ್ಧ ಪಾಲು ತನ್ನದೂ ಇದೆ ಎಂದು ತೇಜಸ್ವಿನಿಗೆ ಅನಿಸಿತು.

ಮಧ್ಯಾಹ್ನ ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ರಫೀಕನಿಗೆ ವಿಡಿಯೊ ಕರೆ ಮಾಡಿದಳು. ಅವನ ಹಿಂದೆ ನಿಗಾ ಕೋಣೆಯ ಪರದೆ ಕಾಣುತ್ತಿತ್ತು. ಚುಕ್ಕೆಗಳೆಲ್ಲ ಹಸಿರಾಗಿ, ಏನೂ ಆಗಿಲ್ಲವೆಂಬಂತೆ ಮಿನುಗುತ್ತಿದ್ದವು.

"ಮುಂಜಾನಿ ಬೂದಿ ಆಗೂ ಚುಕ್ಕಿ ಎಲ್ಲಾ ತಗಿ, ರಫೀಕ್. ಒಂದು ದಿನದಾಗ ಎರಡು ಮೂರು ಸಲ ಬೂದಿ ಆಗೂವು ಯಾವು ನೋಡು."

ಅವನು ಹುಡುಕಿದ. ಮುಖ ಬಾಡಿತು. "ಅದಾವ. ಬಹಳ ಅದಾವ. ಎಲ್ಲಾ ಹೆಣ್ಮಕ್ಕಳು."

"ಒಬ್ಬ ಮನುಷ್ಯಾ ದಿನಕ್ಕ ಮೂರು ಸಲ ಜಳಕ ಮಾಡ್ತಾನೇನು?"

ರಫೀಕ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನ ಅವ್ವನಿಗೂ ಅದೇ ಗುಳಿಗೆ ನಡೆದಿತ್ತು, ಸಕ್ಕರೆ ಕಾಯಿಲೆಯಿಂದ ಉರಿಯುತ್ತಿದ್ದ ಅಂಗಾಲಿಗೆ. "ಮ್ಯಾಲಿನವರಿಗೆ ಬರೆದ್ರ ಗುಳಗಿ ಪೂರಾ ನಿಲ್ಲಸ್ತಾರ, ತೇಜಸ್ವಿನಿ. ಈಗ ರಾತ್ರಿ ನಿದ್ದಿ ಮಾಡೋ ಮಂದಿ ಎಲ್ಲಾ ಮತ್ತ ಎದ್ದು ಕೂಡ್ತಾರ."

"ಗೊತ್ತೈತಿ. ಅದಕ್ಕ ಬರೀ ತಪ್ಪು ಬರಿಯೂದಲ್ಲ, ದಾರೀನೂ ಬರಿಯೋಣು. ಇವತ್ತ ಈ ಹೆಣ್ಮಕ್ಕಳಿಗೆಲ್ಲಾ ಒಬ್ಬೊಬ್ಬರಿಗೆ ಫೋನ್ ಮಾಡಸು. ಕೂಸಿಗೆ, ಮುದುಕರಿಗೆ, ರೋಗಿಗೆ ಯಾರು ನೀರು ಹಾಕ್ತಾರ ಕೇಳು. ಹಾಕೋರಿದ್ರ, ಒಂದೋ ಗುಳಗಿ ಬಿಡಬೇಕು, ಇಲ್ಲಾ ನೀರು ಬೆರಸೋ ಕೈ ಬ್ಯಾರೇದವರದು ಇರಬೇಕು. ಚಲೋ ಇದ್ದ ಬಾಗಿಲು ಬಿಟ್ಟು ಅಗಳಿ ಸಡಲಾದ ಬಾಗಿಲಷ್ಟ ಹಾಕೂವಂಥಾ ಗುಳಗಿ ಮಾಡೂತನಕ ಇದ ನಡೀಲಿ."

"ಅದು ಯಾವಾಗ ಆದೀತು?"

"ಆಗತೈತಿ," ಎಂದಳು, ಯಾವಾಗ ಎಂದು ಅವಳಿಗೂ ಗೊತ್ತಿರಲಿಲ್ಲ.

ಫಕೀರವ್ವ ಮಾತ್ರ ಯಾರ ಫೋನಿಗೂ ಕಾಯಲಿಲ್ಲ. ಅವತ್ತಿನಿಂದಲೇ ಗುಳಿಗೆ ಬಿಟ್ಟಳು. ಪೂರಾ ಬಿಡುವುದು ಬೇಡ, ಎರೆಯುವ ಕೆಲಸ ಬಿಟ್ಟರೆ ಸಾಕು ಎಂದು ತೇಜಸ್ವಿನಿ ಎಷ್ಟು ಹೇಳಿದರೂ ಕೇಳಲಿಲ್ಲ. "ಒಂದು ಕೆಲಸ ಐತ್ರಿ. ಅದು ಆಗೂತನಕ ಬ್ಯಾಡ," ಎಂದಳು. ಮೈಯಿಂದ ಔಷಧಿ ಇಳಿಯುತ್ತ ಬಂತು, ಉರಿ ಬಂದು ಹಳೆಯ ಜಾಗದಲ್ಲಿ ಕೂತಿತು. ಮತ್ತೆ ಅವಳು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಡೆಯತೊಡಗಿದಳು.

ಹಾಗೇ ನಡೆದು ಬಂದು ಒಂದು ಮುಂಜಾನೆ ತೇಜಸ್ವಿನಿಯ ಬಾಗಿಲಲ್ಲಿ ನಿಂತಳು. "ಹಾಲಬಾವಿ ಓಣಿಗೆ ನನ್ನ ಕೂಡ ಬರ್ತೀರೇನ್ರಿ? ನಾ ಹೇಳಿದ್ರ ಅಕಿ ನಂಬೂದಿಲ್ಲ."

ಗದಗದಿಂದ ಮರಳಿದ್ದ ಶಕುಂತಲವ್ವ ಬಾಣಂತಿ ಹೊಸ್ತಿಲು ದಾಟುವುದೇ ಎಂದು ಗದ್ದಲ ಎಬ್ಬಿಸಿದಳು. ತೇಜಸ್ವಿನಿ ಕೂಸನ್ನು ಅವಳ ಕೈಗೇ ಕೊಟ್ಟು, ತಲೆಗೆ ಶಾಲು ಸುತ್ತಿಕೊಂಡು ಆಟೊ ಹತ್ತಿದಳು. ದಾರಿಯುದ್ದಕ್ಕೂ ಆಟೊ ಜೋಲಿ ಹೊಡೆದಾಗೊಮ್ಮೆ ಫಕೀರವ್ವನ ಬಾಯಿಂದ ಸಣ್ಣ ನರಳಿಕೆ ಬರುತ್ತಿತ್ತು. ಚೀಲದಲ್ಲಿದ್ದ ಗುಳಿಗೆಯ ಪೊಟ್ಟಣವನ್ನು ತೇಜಸ್ವಿನಿ ಮುಟ್ಟಿ ಮುಟ್ಟಿ ನೋಡಿಕೊಂಡಳು, ಕೊಡುವ ಧೈರ್ಯವಾಗಲಿಲ್ಲ.

ಪವಿತ್ರಾ ಬಾಗಿಲು ತೆರೆದಳು. ಸಣ್ಣ ವಯಸ್ಸು, ಕಂಕುಳಲ್ಲಿ ಗಂಡು ಕೂಸು. ಫಕೀರವ್ವನನ್ನು ಕಂಡದ್ದೇ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಕ್ಷಮಾ ಕೇಳಾಕ ಬಂದೇನಿ ತಂಗಿ. ನಿನ್ನ ಕೂಸಿನ ಬೆನ್ನು ಸುಟ್ಟಾಕಿ ನಾನ. ಸೆಕಿ ಗುಳ್ಳಿ ಅಲ್ಲ ಅದು."

ತೇಜಸ್ವಿನಿ ತಾನು ಯಾರೆಂದು ಹೇಳಿದಳು, ಗುಳಿಗೆಯ ಕಥೆ ಹೇಳಿದಳು, ತಪ್ಪಿನಲ್ಲಿ ತನ್ನ ಪಾಲೇ ಹೆಚ್ಚಿನದೆಂದೂ ಹೇಳಿದಳು. ಕೇಳುತ್ತ ಕೇಳುತ್ತ ಪವಿತ್ರಾಳ ಮುಖ ಕೆಂಪೇರಿತು.

"ನನಗ ಹುಚ್ಚು ಹಿಡದೈತಿ ಅಂದ್ಕೊಂಡಿದ್ದೆ," ಎಂದಳು. "ಎಲ್ಲಾರೂ ಫಕೀರವ್ವನ ಕೈ ಬಂಗಾರ ಅಂತಿದ್ರು. ನನ್ನ ಕೂಸು ಹಂಗ್ಯಾಕ ಚೀರತೈತಿ ಅಂತ ಯಾರನ್ನ ಕೇಳಲಿ? ಈಗ ತಂಬಿಗಿ ಸಪ್ಪಳಾದ್ರ ಸಾಕು, ನಡಗತೈತಿ ಅದು. ಅವತ್ತಿನಿಂದ ಒದ್ದಿ ಅರಿವಿಲೆ ಮೈ ಒರಸಾಕತ್ತೇನಿ. ನೀರ ಹಾಕಾಕ ನನಗ ಧೈರ್ಯ ಇಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವಳೂ ಅಳುತ್ತಿದ್ದಳು.

"ಒಂದ ಸಲ ನಾ ಎರೀತೀನಿ," ಎಂದಳು ಫಕೀರವ್ವ. "ಅದರ ಅಂಜಿಕಿ ನಾನ ಹಾಕಿದ್ದು, ನಾನ ತಗೀಬೇಕು. ಗುಳಗಿ ಬಿಟ್ಟು ಬಂದೇನಿ. ಈ ಕೈ ಈಗ ಖರೆ ಹೇಳತೈತಿ."

ಪವಿತ್ರಾ ಅವಳ ಕೈ ನೋಡಿದಳು. ಅದು ಸುಮ್ಮನೆ ಗಾಳಿಯಲ್ಲಿದ್ದರೂ ಅದುರುತ್ತಿತ್ತು. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಅಂದಳು, "ನೀರಾಗ ಮೊದಲ ನಾ ಕೈ ಹಾಕಿ ನೋಡ್ತೀನಿ."

"ನೋಡವ್ವಾ. ನೋಡಾಕಬೇಕು."

ಬಚ್ಚಲಲ್ಲಿ ಫಕೀರವ್ವ ಕಾಲು ನೀಡಿ ಕೂತಳು. ಬಿಸಿನೀರಿಗೆ ತಣ್ಣೀರು ಬೆರೆಸಿ, ಕೂಸನ್ನು ಮುಟ್ಟುವ ಬಲಗೈಯನ್ನೇ ಇಳಿಸಿದಳು. ಮುಖವೆಲ್ಲ ಕಿವುಚಿಹೋಯಿತು, ಕಣ್ಣಲ್ಲಿ ನೀರು ಬಂತು, ಆದರೂ ಕೈ ತೆಗೆಯಲಿಲ್ಲ. "ಇನ್ನೊಂದು ತಂಬಿಗಿ ತಣ್ಣೀರು," ಎಂದಳು. ಮತ್ತೆ ಕೈ ಇಳಿಸಿದಳು. "ಇನ್ನರ್ಧ." ಆಮೇಲೆ ಪವಿತ್ರಾ ಕೈ ಹಾಕಿ ನೋಡಿ ತಲೆಯಾಡಿಸಿದಳು, ಕೂಸಿನ ಬಟ್ಟೆ ಬಿಚ್ಚಿ ಆ ಕಲೆಬಿದ್ದ ಕಾಲುಗಳ ಮೇಲೆ ಮಲಗಿಸಿದಳು.

ಕೂಸು ನೀರು ಕಂಡದ್ದೇ ಬಿಲ್ಲಿನ ಹಾಗೆ ಸೆಟೆದು ಕಿರುಚಿತು. ಫಕೀರವ್ವ ತಂಬಿಗೆಯನ್ನು ಎತ್ತಲೇ ಇಲ್ಲ. ಅಂಗೈಯಲ್ಲಿ ಒಂದಿಷ್ಟು ನೀರು ತಗೊಂಡು ಪಾದಕ್ಕೆ ಸವರಿದಳು. ಮತ್ತೊಂದಿಷ್ಟು ತಗೊಂಡು ಮೊಣಕಾಲಿಗೆ. "ಏನಿಲ್ಲೋ ನನ್ನಪ್ಪ, ಏನಿಲ್ಲ, ಈ ಮುದುಕಿ ಇನ್ನ ಮೋಸ ಮಾಡೂದಿಲ್ಲ," ಎನ್ನುತ್ತ ಸವರುತ್ತ ಹೋದಳು. ಒಂದೊಂದು ಸಲ ನೀರಿಗೆ ಇಳಿದಾಗಲೂ ಅವಳ ಕೈಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು, ತೇಜಸ್ವಿನಿಗೆ ಅದನ್ನು ನೋಡುವುದೇ ಕಷ್ಟವಾಯಿತು. ನೀರು ಹೊಟ್ಟೆಗೆ ಬಂತು, ಎದೆಗೆ ಬಂತು, ಕಡೆಗೆ ಬೆನ್ನಿಗೆ. ಕೂಸು ಅಳುತ್ತಲೇ ಇತ್ತು, ಆದರೆ ಕಿರುಚಾಟ ಹೋಗಿ ಬರೀ ಅಳು ಉಳಿದಿತ್ತು. ಎಲ್ಲ ಕೂಸುಗಳೂ ಜಳಕಕ್ಕೆ ಅಳುವ ಸಾಧಾರಣ ಅಳು. ಮೈ ಒರೆಸುವ ಹೊತ್ತಿಗೆ ಅದಕ್ಕೂ ಬೇಸರವಾಗಿ ಬೆರಳು ಚೀಪತೊಡಗಿತು.

ಕೂಸು ಮಲಗಿದ ಮೇಲೆ ಫಕೀರವ್ವ ಹೊರಗೆ ಕಟ್ಟೆಯ ಮೇಲೆ ಬಂದು ಕೂತಳು. ತುಟಿ ಬಿಳಿಚಿಕೊಂಡಿತ್ತು.

"ಕೊಡ್ರಿ ಬಾಯಾರ ಗುಳಗಿ," ಎಂದಳು. "ಸಾಕಾತು. ಇಷ್ಟು ಉರಿ ಇಟಗೊಂಡು ಬದುಕಾಕ ಆಗೂದಿಲ್ರಿ ನನಗ. ಎರಿಯೂದು ಬಿಡ್ತೀನಿ."

"ಬಿಡೂದು ಬ್ಯಾಡ ಆಯಿ. ನಾಳೆ ನಮ್ಮ ಮನೀಗೆ ಬರ್ರಿ. ನೀರು ನಾ ಬೆರಸ್ತೀನಿ, ಕೂಸಿನ ಮೈಮ್ಯಾಲೆ ನಾ ಹಾಕ್ತೀನಿ. ನೀವು ಬಾಜೂಕ ಕೂತು, ತಿಕ್ಕೂದು ಹೆಂಗ, ಹಿಡಿಯೂದು ಹೆಂಗ, ಬೈದು ಕಲಸ್ರಿ."

"ಬಾಣಂತಿ ತಾನ ಎರೀತಾಳಂತ!" ಆ ನೋವಿನಲ್ಲೂ ಫಕೀರವ್ವನಿಗೆ ನಗು ಬಂತು. "ನಿಮ್ಮವ್ವ ನನ್ನ ಓಣಿ ಬಿಡಸ್ತಾಳ ನೋಡ್ರಿ."

ಗುಳಿಗೆ ಬಾಯಿಗೆ ಹಾಕಿಕೊಂಡಳು. ಒಳಗಿನಿಂದ ಪವಿತ್ರಾ ಚಹಾ ತಂದಳು. ಕಪ್ಪಿನಿಂದ ಹಬೆ ಏಳುತ್ತಿತ್ತು. ಫಕೀರವ್ವ ಕೈ ಚಾಚಿದಳು. ಪವಿತ್ರಾ ಕೊಡಲಿಲ್ಲ.

"ತಡೀರಿ. ಬಿಸಿ ಐತಿ," ಎಂದಳು.

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಚಹಾವನ್ನು ಬಶಿಗೆ ಸುರಿದಳು. ಊದಿದಳು. ಕಿರುಬೆರಳು ಅದ್ದಿ ನೋಡಿದಳು, ಮತ್ತೆ ಊದಿದಳು. ಆಮೇಲೆ ಬಶಿಯನ್ನು ಎರಡೂ ಕೈಯಲ್ಲಿ ಹಿಡಿದು ಫಕೀರವ್ವನ ಮುಂದೆ ನೀಡಿದಳು.

"ಈಗ ಕುಡೀರಿ ಆಯಿ."